ಇಪ್ಪತ್ತೆರಡು ಮೆಟ್ಟಿಲು

ಕಾಲರ್ ಅಕ್ಕ ಮತ್ತೆ ಕೆಲಸಕ್ಕೆ ಬರಬೇಕಾದರೆ ಇಪ್ಪತ್ತೆರಡು ಮೆಟ್ಟಿಲು ತಾನೇ ಹತ್ತಿ ತೋರಿಸಬೇಕು ಎಂದು ಮ್ಯಾನೇಜರು ಹೇಳಿದ್ದರು. ನಮ್ಮ ಹೊಲಿಗೆ ವಿಭಾಗ ಮಹಡಿಯ ಮೇಲಿದೆ. ಲಿಫ್ಟು ಬಟ್ಟೆಯ ಮೂಟೆಗಳಿಗೆ ಮಾತ್ರ. ಹದಿನಾಲ್ಕು ವರ್ಷ ಶರ್ಟುಗಳಿಗೆ ಕಾಲರ್ ಕೂರಿಸಿದವಳು ಮೂಟೆಗಿಂತ ಕಡೆಯಾದಳು.

ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಕಿತ್ತುಹಾಕುತ್ತದಂತೆ. ಮಿದುಳು ಕಾಲಿಗೆ ಹೇಳಿದ್ದು ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ.

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ದಿನಕ್ಕೆ ಐದು ಮೆಟ್ಟಿಲಿನಿಂದ ಶುರು ಮಾಡಲು ಹೇಳಿದ್ದರು. ನಾವೋ ಟಾರ್ಗೆಟ್ಟಿನ ಜನ. ಗಂಟೆಗೆ ಎಪ್ಪತ್ತು ಪೀಸು ಎಂದರೆ ಎಂಬತ್ತು ಹೊಲಿದು ಬೈಗುಳ ತಪ್ಪಿಸಿಕೊಳ್ಳುವವರು. ಐದು ಎಂದದ್ದಕ್ಕೆ ಅಕ್ಕ ಇಪ್ಪತ್ತು ಹತ್ತಿದಳು, ಅದೂ ಮಟಮಟ ಮಧ್ಯಾಹ್ನ. ಮೈ ಕಾದು, ಕಣ್ಣು ಮಂಜಾಗಿ ಕುಸಿದಳು. ಕಣ್ಣೂ ಹೋಯಿತೆಂದು ಅವಳ ನಾದಿನಿ ಅತ್ತಳು. ತಣ್ಣೀರ ಬಟ್ಟೆ ಹಾಕಿ ಮಲಗಿಸಿದರೆ ಗಂಟೆಯೊಳಗೆ ದೃಷ್ಟಿ ತಿಳಿಯಾಯಿತು.

"ಸುಸ್ತಾಗೋಕೆ ಮುಂಚೆ ಕೂತ್ಕೊಳ್ಳಿ. ಕೂರೋದೂ ವ್ಯಾಯಾಮಾನೇ," ಎಂದು ಡಾಕ್ಟರಮ್ಮ ಗದರಿದರು. ಸೋಮಾರಿಗಳಿಗೆ ಹೇಳಿ ಮಾಡಿಸಿದ ವ್ಯಾಯಾಮ, ನನಗೂ ಬರೆದುಕೊಡಲಿ ಎಂದು ನಾದಿನಿ ನಗಾಡಿದಳು. ಆದರೆ ನೀರು ಕುಡಿಯಲೂ ಅಪ್ಪಣೆ ಕೇಳಿ ಬದುಕಿದವಳಿಗೆ ಹತ್ತುವುದಕ್ಕಿಂತ ನಿಲ್ಲಿಸುವುದೇ ಕಷ್ಟವಾಯಿತು. ಅದನ್ನು ಕಲಿಯಲು ನಾಲ್ಕು ತಿಂಗಳು ಹಿಡಿಯಿತು.

ಪರೀಕ್ಷೆಯ ಬೆಳಿಗ್ಗೆ ಅವಳು ಕಂಬಿ ಹಿಡಿದು ಏಳು ಮೆಟ್ಟಿಲು ಹತ್ತಿದಳು, ಕೂತಳು. ಒದ್ದೆ ಬಟ್ಟೆಯನ್ನು ಕತ್ತಿಗೆ ಸುತ್ತಿಕೊಂಡಳು.

"ಆಯ್ತಲ್ಲ, ಮನೆಗೆ ಹೋಗಮ್ಮಾ," ಎಂದರು ಮೇಲೆ ನಿಂತಿದ್ದ ಮ್ಯಾನೇಜರು.

"ಹತ್ತಬೇಕು ಅಂದ್ರಿ ಸಾರ್. ಕೂರಬೇಡ ಅನ್ನಲಿಲ್ಲ."

ಒಳಗೆ ಒಂದೊಂದಾಗಿ ಯಂತ್ರಗಳು ನಿಂತವು. ಯಾರೂ ಯಾರಿಗೂ ಹೇಳಿರಲಿಲ್ಲ. ನಾವೆಲ್ಲ ಮೆಟ್ಟಿಲ ತುದಿಗೆ ಬಂದೆವು.

ಅವಳು ಎದ್ದಳು. ಬಲಗಾಲಿನ ತುದಿ ಮೆಟ್ಟಿಲ ಅಂಚಿಗೆ ಸಿಕ್ಕಿಕೊಂಡಿತು. ಅವಳು ಅದನ್ನೇ ನೋಡುತ್ತ ನಿಂತಳು, ಬೈಯಲಿಲ್ಲ, ಎಳೆಯಲಿಲ್ಲ. ಆಮೇಲೆ ಹಿಮ್ಮಡಿ ಅಲುಗಿತು. ಪಾದ ಒಂದು ಗೇಣೂ ಇಲ್ಲದಷ್ಟು ಎತ್ತರಕ್ಕೆ ಎದ್ದಿತು. ಮಿದುಳಿನಿಂದ ಹೊರಟ ಮಾತು, ಹಾಳಾದ ನರಗಳ ಸುಟ್ಟ ಊರುಗಳನ್ನೆಲ್ಲ ದಾಟಿ ಹೆಬ್ಬೆರಳನ್ನು ಮುಟ್ಟಿದ್ದನ್ನು ನಾವು ಕಣ್ಣಾರೆ ಕಂಡೆವು. ನಿತ್ಯ ದಡಬಡನೆ ಓಡಿ ಹತ್ತುವ ಮೆಟ್ಟಿಲುಗಳು. ಅವಕ್ಕೆ ಎತ್ತರವಿದೆಯೆಂದು ನಮಗೆ ತಿಳಿದದ್ದು ಅಂದೇ.

ಹದಿನಾಲ್ಕರಲ್ಲಿ ಅವಳು ಮತ್ತೆ ಕೂತಳು. ಇಸ್ತ್ರಿಯ ಅಜ್ಜಿ ಮಂಡಿ ಹಿಡಿದುಕೊಂಡು ತಾನೂ ಕೂತಳು. ಗುಂಡಿ ಹೊಲಿಯುವವಳು ಕೂತಳು. ನಲವತ್ತು ಹೆಂಗಸರು ಕೂತೆವು. ನಿಂತಿದ್ದವರು ಮ್ಯಾನೇಜರೊಬ್ಬರೇ.

ಅವಳು ಎದ್ದಾಗ ಎದ್ದೆವು. ಇಪ್ಪತ್ತು. ಇಪ್ಪತ್ತೊಂದು. ಕೊನೆಯದರ ಮೇಲೆ ಎರಡೂ ಪಾದ ಊರಿದಳು.

ಮ್ಯಾನೇಜರು ಆ ಪಾದಗಳನ್ನು ನೋಡಿದರು. "ನಾಳೆಯಿಂದ ಬನ್ನಿ," ಎಂದರು.

"ನಾಳೆ ಯಾಕೆ ಸಾರ್? ಹತ್ತಿ ಬಂದಿದೀನಲ್ಲ," ಎಂದ ಅಕ್ಕ, ಗೋಡೆ ಹಿಡಿದುಕೊಂಡು ತನ್ನ ಯಂತ್ರದ ಕಡೆಗೆ ನಡೆದಳು.