ಮ್ಯಾನಿಫೋಲ್ಡಿನ ಕಿವಿ

ಕಾರಿಗೆ ಅರವತ್ತು ವರ್ಷ; ಅದರ ಒಡತಿ, ನಿವೃತ್ತ ಟೀಚರಿಗೆ ಅದಕ್ಕಿಂತ ಮೂರು ಹೆಚ್ಚು. ಅಪ್ಪ ಓಡಿಸುತ್ತಿದ್ದ ಕಾರು ಮತ್ತೆ ಓಡಬೇಕೆಂದು ಅದನ್ನು ಮೇಸ್ತ್ರಿಯ ಗ್ಯಾರೇಜಿಗೆ ಒಪ್ಪಿಸಿದ್ದರು.

ಮೇಸ್ತ್ರಿ ಪಳಗಿದ ಕೈ. ಎಂಜಿನ್ನಿಗೆ ಗಾಳಿ, ಪೆಟ್ರೋಲು ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡನ್ನು ಸಲೀಸಾಗಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಕರಿ ಕೆರೆದು ತೊಳೆದಿಟ್ಟ. ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಾತ್ರ ಜಗ್ಗಲಿಲ್ಲ. ಅದು ಬೀಡು ಕಬ್ಬಿಣದ್ದು, ಪೆಟ್ಟು ಬಿದ್ದರೆ ಮುರಿಯುವಂಥದ್ದು. ಕೊನೆಯ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗ್ಯಾಸಿನ ಉರಿ ಹಿಡಿದು, ಎಣ್ಣೆ ಬಿಟ್ಟು, ಒಂದು ದಿನ ಸುಮ್ಮನಿರಬೇಕು. ಅದು ಅವನಿಗೆ ಗೊತ್ತಿತ್ತು. ಆದರೆ ಊಟದ ಹೊತ್ತು ಮೀರಿತ್ತು, ಸಿಟ್ಟು ನೆತ್ತಿಗೇರಿತ್ತು. ಸುತ್ತಿಗೆ ಎತ್ತಿ ಎರಡೇಟು ಬಿಟ್ಟ. ಬೋಲ್ಟು ಕೂರುವ ಕಿವಿ ಮುರಿದು ಕಾಲ ಬಳಿ ಬಿತ್ತು.

ಸಂಜೆ ಟೀಚರ್ ಬರುವಷ್ಟರಲ್ಲಿ ಮುರಿದ ಜಾಗಕ್ಕೆ ಮಸಿ ಬಳಿದಾಗಿತ್ತು.

"ಹಳೇ ಬಿರುಕು ಮೇಡಂ. ಯಾರೋ ನೀರಿಲ್ದೆ ಓಡಿಸಿ ಕಾಯಿಸಿದಾರೆ."

"ಯಾರೋ ಅಲ್ಲ, ನನ್ನ ತಮ್ಮ. ಕೊನೇ ಸಲ ಓಡಿಸಿದ್ದು ಅವನೇ. ಏನೂ ಆಗಿಲ್ಲ ಅಂತ ಆಣೆ ಮಾಡಿದ್ದ."

ಅಲ್ಲೇ ನಿಂತು ಫೋನು ಹಚ್ಚಿದರು. ಮೇಸ್ತ್ರಿ ಸ್ಪ್ಯಾನರು ಜೋಡಿಸುವವನಂತೆ ಬೆನ್ನು ತಿರುಗಿಸಿದ; ಆದರೆ ಕಿವಿ ಮುಚ್ಚಿಕೊಳ್ಳಲಾದೀತೇ? "ಅಪ್ಪಂಗೂ ಸುಳ್ಳು ಹೇಳ್ದೆ, ನಂಗೂ ಹೇಳ್ದೆ. ಇನ್ಮೇಲೆ ನನ್ನ ಅಕ್ಕ ಅಂತ ಕರೀಬೇಡ."

ಮರುದಿನ ಬೆಸುಗೆಗೆ ಬಂದವನು ಮೇಸ್ತ್ರಿಯ ಹೆಂಡತಿಯ ತಮ್ಮ. ಮುರಿದ ಜಾಗವನ್ನು ಬಟ್ಟೆಯಿಂದ ಒಂದು ಸಲ ಒರೆಸಿದ್ದೇ ತಡ, ನಕ್ಕ. "ಭಾವ, ಹಳೇ ಬಿರುಕಾದ್ರೆ ಒಳಗೆಲ್ಲ ತುಕ್ಕು ಇಳಿದಿರುತ್ತೆ. ಇದು ಈಗ ತಾನೆ ಹಲ್ಲುಜ್ಜಿದ ಹಾಗೆ ಹೊಳೀತಿದೆಯಲ್ಲ!"

"ನಿನ್ನ ಕೆಲಸ ನೋಡು."

ಅವನ ನಗು ಅಲ್ಲೇ ನಿಂತಿತು. ಕಬ್ಬಿಣವನ್ನು ಹದವಾಗಿ ಕಾಯಿಸಿ, ಕಿವಿ ಕೂಡಿಸಿ, ನಿಧಾನಕ್ಕೆ ಆರಲೆಂದು ಒಣ ಮರಳಲ್ಲಿ ಹೂತಿಟ್ಟು ಹೋದ. ಮೇಸ್ತ್ರಿ ಎರಡು ದಿನ ಅದು ಎಂಜಿನ್ನಿಗೆ ಕೂರುವ ಮುಖವನ್ನು ಉಜ್ಜಿ ಉಜ್ಜಿ ಮಟ್ಟ ಮಾಡಿದ. ಉಜ್ಜುವಾಗೆಲ್ಲ ಟೀಚರ ಫೋನಿನ ಮಾತೇ ಕೇಳಿಸುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ, ಕೈ ಕೂಡ ತೊಳೆಯದೆ, ಟೀಚರ ಮನೆಯ ಬಾಗಿಲು ತಟ್ಟಿದ.

"ಮೇಡಂ, ಅದು ಹಳೇ ಬಿರುಕಲ್ಲ. ನಾನೇ ಸುತ್ತಿಗೇಲಿ ಹೊಡೆದು ಮುರಿದೆ. ಮಸಿನೂ ನಾನೇ ಬಳಿದೆ."

"ನಂಗೆ ಹೇಳಿದ್ರೆ ಆಯ್ತಾ? ಅವನಿಗೆ ಹೇಳಿ," ಎಂದು ಟೀಚರ್ ತಮ್ಮನ ನಂಬರು ಒತ್ತಿ ಫೋನು ಚಾಚಿದರು.

ತಡವರಿಸುತ್ತಲೇ ಎಲ್ಲ ಹೇಳಿದ. ಆ ಕಡೆಯಿಂದ ತಮ್ಮ ಕೇಳಿದ: "ಅಕ್ಕ ಪಕ್ಕದಲ್ಲಿದಾಳಾ?"

"ಇದಾರೆ ಸಾರ್."

"ನಾನು ಆಣೆ ಮಾಡಿದ್ರೂ ಯಾಕೆ ನಂಬಲಿಲ್ಲ ಅಂತ ಕೇಳಿ."

ಮೇಸ್ತ್ರಿ ಕೇಳುವ ಅಗತ್ಯ ಇರಲಿಲ್ಲ. ಮಾತು ಟೀಚರಿಗೆ ಕೇಳಿಸಿತ್ತು. ಫೋನು ಕಿತ್ತುಕೊಂಡಂತೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎಂಜಿನ್ ಶುರುವಾದ ದಿನ ತಮ್ಮನೂ ಬಂದಿದ್ದ. ಬಾನೆಟ್ಟಿನ ಆ ಕಡೆ ಅವನು, ಈ ಕಡೆ ಅಕ್ಕ. ಬೆಸುಗೆಯ ಬಳಿ ಹೊಗೆ ಒಂದಿಷ್ಟೂ ಸೋರಲಿಲ್ಲ. "ಚೆನ್ನಾಗಿ ಕೂತಿದೆ," ಎಂದ ತಮ್ಮ. "ಹ್ಞೂಂ," ಎಂದರು ಅಕ್ಕ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಆ ಮೌನಕ್ಕೆ ತಾನೇ ಕಾರಣನೆಂದು ಮೇಸ್ತ್ರಿ ತಲೆ ಎತ್ತದೆ ನಿಂತ.

ಟೀಚರ್ ಕಾರನ್ನು ಈಗಲೂ ಅವನ ಬಳಿಯೇ ತರುತ್ತಾರೆ. ಆದರೆ ಬಿಟ್ಟು ಹೋಗುವುದಿಲ್ಲ. ಸ್ಟೂಲು ಎಳೆದುಕೊಂಡು, ಬಾನೆಟ್ ತೆರೆದಾಗಿನಿಂದ ಮುಚ್ಚುವವರೆಗೆ ಅವನ ಕೈಯನ್ನೇ ನೋಡುತ್ತ ಕೂರುತ್ತಾರೆ.