ಸುಣ್ಣದ ಗೂಡಿನವನ ಮಗಳು

ಬೆಂಚಿನ ಮೇಲೆ ಮಲಗಿಸಿದ್ದ ರಾಮಕೃಷ್ಣಪ್ಪನ ಬಲಗಾಲು ನೆಟ್ಟಗಾಗಲೊಲ್ಲದು. ತಮ್ಮ ಚಿಕ್ಕಬೈರಪ್ಪ ಮಂಡಿಯನ್ನು ಒತ್ತಿ ಹಿಡಿದ. ಮಗ ನಾಗೇಶ್ ಹೆಣದ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಿದ.

"ಆ ಕಾಲು ಬಗ್ಗಲ್ಲ ಕಣ್ರಪ್ಪ. ಜಕ್ಕೂರಿಂದ ಜಾಲಹಳ್ಳಿ ಫ್ಯಾಕ್ಟ್ರಿಗೆ ಸೈಕಲ್ ತುಳಿದ ಕಾಲು," ಎಂದ ಕುರ್ಚಿಯಲ್ಲಿ ಕೂತಿದ್ದ ಪಕ್ಕದ ಮನೆಯ ಬೈರಣ್ಣ. "ತುಳಿದಿದ್ದೆಲ್ಲಿ ಬಂತು, ಬರ್ತಾ ತಳ್ಕೊಂಡು ಪುಸ್ತಕ ಓದ್ಕೊಂಡೇ ಬರ್ತಿದ್ದ."

ನಾಲ್ಕಂತಸ್ತಿನ ಮನೆಯ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಸೇರಿದ್ದವರು ಸಣ್ಣಗೆ ನಕ್ಕರು. ಸತ್ತವರಿಗೆ ಇಷ್ಟವಾದದ್ದನ್ನು ಗುಂಡಿಯಲ್ಲಿ ಜೊತೆಗಿಡುವುದು ಆ ಮನೆತನದ ರೂಢಿ. ರಾಮಕೃಷ್ಣಪ್ಪನ ಅಪ್ಪನಿಗೆ ನಶ್ಯದ ಡಬ್ಬಿ ಇಟ್ಟಿದ್ದರು, ದೊಡ್ಡಪ್ಪನಿಗೆ ಬ್ರಾಂದಿ ಬಾಟಲಿ. ಇವನು ಸೇದಿದವನಲ್ಲ, ಕುಡಿದವನಲ್ಲ. ಕೊನೆಗೆ ಪುಸ್ತಕವನ್ನೇ ಇಡುವುದೆಂದಾಯಿತು. ನಾಗೇಶನ ಮಗಳು ಮೋನಿಷಾ ಮಹಡಿಯಿಂದ ಅವನ್ನು ಎದೆಗವಚಿಕೊಂಡು ತಂದಳು. ಎಲ್ಲವೂ ಒಬ್ಬನೇ ಬರೆದವು. ಆತ ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಕಾದಂಬರಿಕಾರ. ಫ್ಯಾಕ್ಟರಿಯ ಕ್ಲಬ್ಬಿನವರು ಹಳೇ ಪುಸ್ತಕ ಸಾಗಹಾಕಿದಾಗ ರಾಮಕೃಷ್ಣಪ್ಪ ಅವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ತಂದಿದ್ದ. ಮೋನಿಷಾ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದಳು. ಆ ಪುಸ್ತಕಗಳನ್ನು ಮುಟ್ಟಿದ್ದವರು ತಾತ, ಮೊಮ್ಮಗಳು ಇಬ್ಬರೇ.

ಹೆಣದ ತಲೆಯ ಬಳಿ ಕೂತಿದ್ದ ಯಲ್ಲಮ್ಮ ಗಂಡನ ಕೂದಲನ್ನು ಒಪ್ಪ ಮಾಡುತ್ತಿದ್ದಳು. "ಆ ಸುಣ್ಣದ ಗೂಡಿನವನ ಮಗಳ ಕತೆ ಯಾವುದ್ರಲ್ಲೈತೆ? ಅದನ್ನೇ ಮಡಗು. ಜ್ವರ ಬುಟ್ಟು ಎದ್ದು ಬತ್ತಾಳಲ್ಲ, ಅದು."

ಮೋನಿಷಾ ಕಟ್ಟು ಬಿಚ್ಚಿ ಒಂದನ್ನು ತೆಗೆದಳು. "ಇದೇ ಅಜ್ಜಿ. ಆದ್ರೆ ಅವಳು ಎದ್ದು ಬರಲ್ಲ. ಸತ್ತೋಗ್ತಾಳೆ. ಅವರಪ್ಪ ಸುಣ್ಣ ಸುಡೋ ಗೂಡಿನ ಹತ್ರ ಇರ್ತಾನೆ, ಇವಳು ಅಪ್ಪಾ ಅಪ್ಪಾ ಅಂತ ಕರೀತಾನೇ..."

"ನಿಮ್ ತಾತ ಇಂಗ್ ಯೋಳ್ಲಿಲ್ವಲ್ಲ."

"ನಿಂಗೆ ಸಂಕಟ ಆಗ್ತದೆ ಅಂತ ತಾತ ಬದಲಾಯಿಸಿರ್ಬೇಕು." ಹುಡುಗಿ ಅದನ್ನು ಅಕ್ಕರೆಯಿಂದಲೇ ಹೇಳಿದಳು.

ಕೂದಲು ನೇವರಿಸುತ್ತಿದ್ದ ಯಲ್ಲಮ್ಮನ ಕೈ ನಿಂತಿತು.

*

ಆ ಕಾಲದಲ್ಲಿ ಯಶವಂತಪುರದ ಮಾರ್ಕೆಟ್ಟಿಗೆ ಹೋಗಬೇಕಾದ ಸೊಪ್ಪನ್ನು ಯಲ್ಲಮ್ಮ ದಿನಾ ಸಂಜೆ ಕಂತೆ ಕಟ್ಟುತ್ತಿದ್ದಳು. ಎದುರಿಗೆ ರಾಮಕೃಷ್ಣಪ್ಪ ಪುಸ್ತಕ ಬಿಡಿಸಿಕೊಂಡು ಕತೆ ಹೇಳುತ್ತಿದ್ದ. ಅವಳಿಗೆ ಓದು ಬಾರದು. ಆ ಕಾದಂಬರಿಕಾರನ ಊರಿನ ಹೊಗೆ, ಮಂಜು, ತಬ್ಬಲಿ ಮಕ್ಕಳು, ಬಡ್ಡಿಯ ಸಾಹುಕಾರರು ಎಲ್ಲ ಗಂಡನ ಬಾಯಲ್ಲಿ ಅವಳ ಹಿತ್ತಿಲಿಗೆ ಬಂದಿಳಿಯುತ್ತಿದ್ದರು. ಕೆಟ್ಟವರನ್ನು ಅವಳು ಹೆಸರು ಹಿಡಿದು ಬೈಯುತ್ತಿದ್ದಳು. ಆ ಕತೆಗಳಲ್ಲಿ ಮಕ್ಕಳು ಎಷ್ಟು ಕಷ್ಟಪಟ್ಟರೂ ಸಾಯುತ್ತಿರಲಿಲ್ಲ. ಬರೆದವನು ಮಕ್ಕಳೊಂದಿಗನೇ ಇರಬೇಕೆಂದು ಅವಳು ನಂಬಿದ್ದಳು.

ಸುಣ್ಣದ ಗೂಡಿನವನ ಕತೆಯನ್ನು ಅವನು ಹೇಳಿದ್ದು ಯಶೋಧಾ ಹೋದ ಮೇಲೆ.

ಯಶೋಧಾ ನಾಗೇಶನ ತಂಗಿ. ಜ್ವರ ಇಳಿಯದೆ ಆಸ್ಪತ್ರೆಗೆ ಸೇರಿಸಿದ್ದರು. ರಾಮಕೃಷ್ಣಪ್ಪ, ಚಿಕ್ಕಬೈರಪ್ಪ ಇಬ್ಬರೂ ಅಲ್ಲೇ ಉಳಿದರು. ಮನೆಯಲ್ಲಿ ಹಸು ಕರು ಹಾಕುವುದರಲ್ಲಿತ್ತು. ಕರುವಿನ ಹಿಂಗಾಲು ಮುಂದಾಗಿತ್ತು. ಈದ ಮೇಲೆ ಬರುತ್ತೇನೆಂದು ಯಲ್ಲಮ್ಮ ಹಿಂದೆ ಉಳಿದಳು. ಬೆಳಗ್ಗೆ ಕರು ಎದ್ದು ನಿಂತು ಕೆಚ್ಚಲು ಹುಡುಕುತ್ತಿದ್ದಾಗ ರಾಮಕೃಷ್ಣಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದು ಕೂತ.

"ನಿದ್ದೇಲೇ ಓಗ್ಬುಟ್ಲು. ಏನೂ ಗೊತ್ತಾಗ್ಲಿಲ್ಲ ಮಗೀಗೆ. ಯಾರನ್ನೂ ಕೇಳ್ಲಿಲ್ಲ."

ಯಾರನ್ನೂ ಕೇಳಲಿಲ್ಲ ಎಂಬ ಆ ಮಾತನ್ನು ಹಿಡಿದೇ ಯಲ್ಲಮ್ಮ ಮತ್ತೆ ಉಂಡಿದ್ದಳು, ಹಸು ಕರೆದಿದ್ದಳು, ನಾಗೇಶನನ್ನು ಬೆಳೆಸಿದ್ದಳು.

*

ಚಟ್ಟ ಕಟ್ಟಿಸುತ್ತಿದ್ದ ಚಿಕ್ಕಬೈರಪ್ಪನನ್ನು ಅವಳು ನೀರಿನ ಸಂಪಿನ ಬಳಿಗೆ ಕರೆದಳು.

"ಅವತ್ತು ಆಸ್ಪತ್ರೇಲಿ ನೀನೂ ಇದ್ದಲ್ಲ. ನಮ್ ಯಶೋಧಾ ನನ್ನ ಕೇಳುದ್ಲಾ?"

"ಈಗ್ಯಾಕತ್ತಿಗೆ ಅದು?"

"ಕೇಳುದ್ಲಾ ಇಲ್ವಾ, ಅಷ್ಟು ಯೋಳು."

"ನಾನು ಒಳಗಿರ್ಲಿಲ್ಲ. ಎಳ್ನೀರು ತರಾಕೆ ಓಗಿದ್ದೆ."

"ಯಾರಿಗೆ ಎಳ್ನೀರು?"

"ಮಗೀಗೆ."

"ನಿದ್ದೆ ಮಾಡೋ ಮಗೀಗಾ?"

ಚಿಕ್ಕಬೈರಪ್ಪ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಒಳಗಿದ್ದವನು ಅಣ್ಣ ಒಬ್ಬನೇ, ಅವನು ಹೇಳಿದ್ದನ್ನೇ ಇಟ್ಟುಕೋ ಎಂದು ನೆಲ ನೋಡಿಕೊಂಡು ಹೇಳಿದ. ಹೂವಿನವನು ಬಂದನೇನೋ ಎಂದು ಗೇಟಿನ ಕಡೆಗೆ ನಡೆದುಬಿಟ್ಟ.

ತಮಟೆಯವರು ಮುಂದಾದರು. ಹೆಣ ಹೊರಟಿತು. ಹಳೇ ಊರಿನ ಓಣಿ ದಾಟಿದ ಮೇಲೆ ಕೆರೆ ಕಡೆಗೆ ತಿರುಗುವಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಚಟ್ಟ ಇಳಿಸುವ ಜಾಗವಿತ್ತು. ಅಲ್ಲಿ ತಮಟೆ ನಿಲ್ಲಿಸಿ ಸತ್ತವರ ಕಿವಿಯಲ್ಲಿ ಕರೆಯಬೇಕು. ಜೀವವಿದ್ದರೆ ಓಗೊಡಲಿ ಎಂದು. ಓಗೊಡದಿದ್ದರೆ ಚಟ್ಟ ತಿರುಗಿಸಿ ಗಂಡಸರು ತೋಟದ ಗುಂಡಿಗೆ ಒಯ್ಯುತ್ತಾರೆ, ಹೆಂಗಸರು ಅಲ್ಲಿಂದಲೇ ಮನೆಗೆ ಹಿಂದಿರುಗುತ್ತಾರೆ.

ನಾಗೇಶ್ ಮಂಡಿಯೂರಿ ಅಪ್ಪಾ ಎಂದು ಕರೆದ. ಮತ್ತೆ ಕರೆದ. ಏಳುವಷ್ಟರಲ್ಲಿ ಯಲ್ಲಮ್ಮ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಹೆಂಡ್ತಿ ಕರೆಯೋ ಪದ್ಧತಿ ಇಲ್ಲ ಕಣೆ ನಮ್ಮಲ್ಲಿ," ಎಂದಳು ನಾದಿನಿ ಮರಿಯಮ್ಮ. "ಗಂಡನ ಹೆಸರು ಹೇಳ್ತೀಯಾ ಬೀದೀಲಿ?"

"ಎಸ್ರು ಕರಿಯಾಕಲ್ಲ. ಬುಡು."

ಅವಳು ರಸ್ತೆಯ ಮೇಲೆ ಕೈಯೂರಿ ಗಂಡನ ಕಿವಿಗೆ ಬಗ್ಗಿದಳು. ಚಟ್ಟದ ಕಾಲಬಳಿ ನಿಂತಿದ್ದ ಚಿಕ್ಕಬೈರಪ್ಪನಿಗೆ ಮಾತ್ರ ಕೇಳಿಸಿತು.

"ದಿಟ ಯೋಳು. ಅಮ್ಮ ಎಲ್ಲಿ ಅಂದ್ಲಾ?"

ಹಿಂದೆ ನೀರಿನ ಟ್ಯಾಂಕರೊಂದು ಹಾರನ್ ಹೊಡೆಯಿತು. ತಮಟೆಯವರು ಕೋಲೆತ್ತಿಕೊಂಡು ಕಾದರು. ಏಳಮ್ಮಾ, ಹೊತ್ತಾಯಿತು ಎಂದು ನಾಗೇಶ್ ತೋಳು ಹಿಡಿದ. ಯಲ್ಲಮ್ಮ ಏಳಲಿಲ್ಲ. ತಲೆ ತಿರುಗಿಸಿ, ಸೆರಗನ್ನು ಹಿಂದೆ ಸರಿಸಿ, ತನ್ನ ಕಿವಿಯನ್ನು ಗಂಡನ ಬಾಯಿಗೆ, ತುಟಿಗಳ ನಡುವೆ ಸಿಕ್ಕಿಸಿದ್ದ ವೀಳ್ಯದೆಲೆ ಒತ್ತುವ ಹಾಗೆ, ಇಟ್ಟುಕೊಂಡು ಕಣ್ಣು ಮುಚ್ಚಿದಳು.