ಇಬ್ಬರ ಚೀಲ

ನಾನು ಒಂದು ಚೀಲ. ಕೈಯಲ್ಲಿ ಹಿಡಿಯುವುದಲ್ಲ, ಬೆನ್ನಿಗೆ ಏರಿಸುವುದು. ಹುಬ್ಬಳ್ಳಿಯ ಒಂದು ಓಣಿಯಲ್ಲಿ, ತಗಡಿನ ಶೆಡ್ಡಿನೊಳಗೆ, ಇಮಾಮಸಾಬ ಎಂಬ ದರ್ಜಿಯ ಕೈಯಲ್ಲಿ ಹುಟ್ಟಿದೆ. ಲಾರಿಗಳಿಗೆ ತಾಡಪತ್ರಿ ಹೊಲಿದು ಉಳಿದ ದಪ್ಪ ಹಸಿರು ಬಟ್ಟೆಯೇ ನನ್ನ ಮೈ. ಹೆಗಲ ಪಟ್ಟಿಗಳಿಗೆ ಮೂರು ಸಲ ಹೊಲಿಗೆ ಹಾಕಿ, ಎರಡೂ ಕೈಯಿಂದ ಜಗ್ಗಿ ನೋಡಿ, “ಹೊತ್ತಾಂವ ದಣದಾನು, ಇದು ಹರಿಯೂದಿಲ್ಲ” ಅಂದಿದ್ದ ಅವನು. ಹುಟ್ಟಿದ ದಿನ ಕಿವಿಗೆ ಬಿದ್ದ ಆ ಮಾತನ್ನು ಉಳಿಸಿಕೊಂಡು ಬಂದಿದ್ದೇನೆ.

ಮೊದಲು ನನ್ನನ್ನು ಕೊಂಡವರು ಬ್ಯಾಂಕಿನ ಅಧಿಕಾರಿಯೊಬ್ಬರು. ಒಮ್ಮೆ ಗುಡ್ಡ ಹತ್ತಿದರು, ಕಾಲಿಗೆ ಬೊಬ್ಬೆ ಎದ್ದವು, ನನ್ನನ್ನು ಮಂಚದ ಕೆಳಗೆ ತಳ್ಳಿದರು. ವರ್ಗವಾದಾಗ ಹಳೆಯ ಪೇಪರಿನ ಜೊತೆ ನಾನೂ ರದ್ದಿಗೆ ಹೋದೆ. ಅಲ್ಲಿಂದ ಗದಗಿನ ಸ್ಟೇಷನ್ ರಸ್ತೆಯ ಹಳೇ ಸಾಮಾನಿನ ಅಂಗಡಿಗೆ ಬಂದೆ. ಒಂದು ಭಾನುವಾರ ಅಲ್ಲಿ ಇಬ್ಬರು ಹೆಂಗಸರು ನಿಂತರು. ಒಬ್ಬಳು ನನ್ನನ್ನು ಬೆನ್ನಿಗೆ ಹಾಕಿಕೊಂಡಳು, ಇನ್ನೊಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು.

“ಸೀರಿ ಮ್ಯಾಲ ಇದನ್ನ ಹಾಕ್ಕೊಂಡು ಹೋದ್ರ ಮಂದಿ ಏನಂದಾರ, ಇಂದೂ?”

“ಅಲ್ಲೆ ನಮ್ಮನ್ನ ಯಾರ ಗುರ್ತ ಹಿಡೀತಾರ? ಎರಡು ಕೈ ಖಾಲಿ ಇರಬೇಕು, ನೀಲಾ. ಹಮಾಲಿ ಖರ್ಚು ಉಳೀತದ.”

ನನ್ನನ್ನು ಹೊತ್ತವಳು ಇಂದುಮತಿ. ನಲವತ್ತಮೂರು ವರ್ಷ, ಮದುವೆಯಾಗಿರಲಿಲ್ಲ. ಬೆಟಗೇರಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದಳು. ನಕ್ಕವಳು ನೀಲಾಂಬಿಕಾ, ಗಂಡ, ಅತ್ತೆ, ಇಬ್ಬರು ಮಕ್ಕಳ ಸಂಸಾರ ಅವಳದು. ಇಬ್ಬರೂ ನೇಕಾರರ ಸೊಸೈಟಿಯ ಸೀರೆ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಒಂದೇ ಗಲ್ಲೆಯ ಹಿಂದೆ ನಿಂತವರು. ನನ್ನನ್ನು ನೀಲಾಳ ಮನೆಗೆ ಒಯ್ಯುವಂತಿರಲಿಲ್ಲ. “ಮನ್ಯಾಗ ಕಂಡ್ರ ನೂರಾಎಂಟು ಕೇಳ್ತಾರ” ಅಂದಳು. ಇಂದುಮತಿ ತನ್ನ ಖೋಲಿಗೂ ಒಯ್ಯಲಿಲ್ಲ. ಚೀಲ ಇಬ್ಬರದು ಅನ್ನುವುದು ಅವಳ ಲೆಕ್ಕ. ಹಾಗಾಗಿ ಅಂಗಡಿಯ ಹಿಂದಿನ ದಾಸ್ತಾನು ಕೋಣೆಯ ಮೊಳೆಗೆ ನನ್ನನ್ನು ತೂಗುಹಾಕಿದರು.

ಆ ಕೋಣೆಯಲ್ಲಿ ದಿನಾ ಮಧ್ಯಾಹ್ನ ಅರ್ಧ ಗಂಟೆ ಅವರ ಊಟ. ಊಟಕ್ಕಿಂತ ಮಾತೇ ಹೆಚ್ಚು, ಆ ಮಾತೆಲ್ಲ ವಿಶಾಖಪಟ್ಟಣದ್ದು. ಆ ಊರನ್ನು ಆರಿಸಿದವಳು ನೀಲಾ. ಏಳನೇ ಇಯತ್ತೆಯಲ್ಲಿ ಮಾಸ್ತರರು ನಕಾಶೆಯಲ್ಲಿ ಬಂದರು ಗುರುತಿಸು ಅಂದಾಗ ಅವಳು ಇಟ್ಟ ಚುಕ್ಕಿ ಸಮುದ್ರದೊಳಗೆ ಬಿದ್ದಿತ್ತಂತೆ. ಇಡೀ ವರ್ಗ ನಕ್ಕಿತ್ತಂತೆ. “ಒಮ್ಮೆ ಹೋಗಿ ಆ ಊರು ಖರೇನ ಎಲ್ಲೈತಿ ನೋಡಬೇಕು” ಅನ್ನುತ್ತಿದ್ದಳು. ಗದಗಿನಲ್ಲಿ ಹತ್ತಿದರೆ ಇಳಿಯುವುದು ಅಲ್ಲೇ, ನಡುವೆ ರೈಲು ಬದಲಿಸುವಂತಿಲ್ಲ ಎಂದು ಇಂದುಮತಿ ಪತ್ತೆ ಮಾಡಿದಳು.

ಸೀರೆಯ ಮಡಿಕೆಯೊಳಗಿಂದ ತೆಗೆದ ರಟ್ಟುಗಳ ಮೇಲೆ ಅವರ ಯೋಜನೆ ಬೆಳೆಯಿತು. ಸ್ಲೀಪರ್ ಡಬ್ಬಿ. ಸ್ಟೇಷನ್ ಹತ್ತಿರ ಹೆಂಗಸರ ಡಾರ್ಮಿಟರಿ, ಎರಡು ಹಾಸಿಗೆ. ಆಟೊ ಇಲ್ಲ, ಸಿಟಿ ಬಸ್ಸು. ನಾಲ್ಕು ದಿನಕ್ಕೆ ಸಾಲುವಷ್ಟು ಖಟಕ ರೊಟ್ಟಿ, ಶೇಂಗಾ ಹಿಂಡಿ. ಮೊಸರು ಮಾತ್ರ ಅಲ್ಲಿ ಕೊಳ್ಳುವುದು. ಯಾವ ಸೀರೆ ಬೇಗ ಒಣಗುತ್ತದೆ ಎಂಬ ಚರ್ಚೆ ಒಂದು ವಾರ ನಡೆಯಿತು. ನಾನು ಮೊಳೆಯಲ್ಲಿ ತೂಗುತ್ತ ಎಲ್ಲ ಕೇಳುತ್ತಿದ್ದೆ. ಒಳಗೆ ಏನೂ ಇರಲಿಲ್ಲ, ಆದರೂ ಆ ಅರ್ಧ ಗಂಟೆ ತುಂಬಿಕೊಂಡಂತೆ ಇರುತ್ತಿತ್ತು.

ಮೊದಲ ವರ್ಷ ನೀಲಾಳ ಮಗನಿಗೆ ಪರೀಕ್ಷೆ. ಎರಡನೇ ವರ್ಷ ನಾದಿನಿಯ ಬಾಣಂತನ. ಮೂರನೇ ವರ್ಷ ಗಂಡ ಕಾರಣವನ್ನೇ ಹೇಳಲಿಲ್ಲ, ಬರೀ ತಾಟು ಸರಿಸಿ ಎದ್ದು ಹೋದನಂತೆ. ನಾಲ್ಕನೇ ವರ್ಷ ಇಂದುಮತಿ ಎರಡು ಟಿಕೀಟು ಮಾಡಿಸಿಯೇ ಬಿಟ್ಟಳು. ಹೊರಡುವ ಹಿಂದಿನ ದಿನ ಮಧ್ಯಾಹ್ನ ನೀಲಾ ಡಬ್ಬಿ ಬಿಚ್ಚಲಿಲ್ಲ.

“ಅತ್ತಿ ಬಚ್ಚಲದಾಗ ಬಿದ್ದಾರ. ಮುರದಿಲ್ಲ, ಆದ್ರ ಏಳಾಕ ಆಗವಲ್ದು. ಈ ಸಲಾನೂ ಆಗೂದಿಲ್ಲ, ಇಂದೂ.”

“ಹೋಗಲಿ ಬಿಡು” ಅಂದಳು ಇಂದುಮತಿ. “ಸಮುದ್ರ ಎಲ್ಲಿಗೆ ಓಡಿ ಹೋಗ್ತದ?”

ನೀಲಾ ಹೋದ ಮೇಲೆ ಅವಳು ಬಹಳ ಹೊತ್ತು ಆ ರಟ್ಟುಗಳನ್ನು ನೋಡುತ್ತ ಕೂತಳು. ಆಮೇಲೆ ನನ್ನನ್ನು ಮೊಳೆಯಿಂದ ಇಳಿಸಿ, ಮೊದಲ ಸಲ ತನ್ನ ಖೋಲಿಗೆ ಒಯ್ದಳು. ಒಂದು ಟಿಕೀಟು ರದ್ದು ಮಾಡಿಸಿದಳು. ಯಾರಿಗೂ ಹೇಳಲಿಲ್ಲ.

ರೈಲಿನಲ್ಲಿ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಒಂದು ಹಗಲು ಕಳೆದ ಮೇಲೆ ಸುತ್ತಲಿನ ಭಾಷೆಯೇ ಬದಲಾಯಿತು. ಡಾರ್ಮಿಟರಿಯ ಹೆಂಗಸು ರಿಜಿಸ್ಟರ್ ಮುಂದಿಟ್ಟು, ಅವಳ ಹಿಂದೆ ಬಾಗಿಲತ್ತ ನೋಡಿ, “ಒಕ್ಕರೇನಾ?” ಅಂದಳು. ತೆಲುಗು ಬಾರದ ಇಂದುಮತಿಗೂ ಆ ಮಾತು ತಿಳಿಯಿತು. ಒಂದು ಬೆರಳು ಎತ್ತಿ ತೋರಿಸಿದಳು.

ರಟ್ಟಿನಲ್ಲಿ ಬರೆದಂತೆಯೇ ನಡೆದಳು. ನಸುಕಿನಲ್ಲಿ ಮೀನಿನ ದೋಣಿಗಳು ಬರುವ ಬಂದರು, ಆಮೇಲೆ ಸಿಟಿ ಬಸ್ಸು, ಆಮೇಲೆ ಕಡಲಿಗೆ ತಾಗಿದ ಗುಡ್ಡ. ಗುಡ್ಡದ ಮೇಲೆ ಸಂಜೆಯ ಗಾಳಿಗೆ ಸೆರಗು ನಿಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಳಗೆ ದೊಡ್ಡ ಹಡಗೊಂದು ಬಂದರು ಬಿಟ್ಟು ಹೊರಟಿತ್ತು. ಎಷ್ಟು ನಿಧಾನವಾಗಿ ಹೊರಟಿತ್ತೆಂದರೆ, ನಿಂತಿದೆಯೋ ನಡೆದಿದೆಯೋ ತಿಳಿಯುತ್ತಿರಲಿಲ್ಲ. ಅವಳು ಕಲ್ಲು ಬೆಂಚಿನ ಮೇಲೆ ನನ್ನನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಥಟ್ಟನೆ ಮುಖ ಅರಳಿಸಿ ನನ್ನ ಕಡೆ ತಿರುಗಿ, “ನೀಲಾ, ನೋಡಿಲ್ಲೆ” ಅಂದಳು.

ಅಲ್ಲಿ ಇದ್ದದ್ದು ನಾನು. ನನಗೆ ಕಣ್ಣಿದ್ದವು, ಉತ್ತರ ಕೊಡಲು ಬಾಯಿರಲಿಲ್ಲ. ಅವಳು ನನ್ನ ಪಟ್ಟಿಯನ್ನು ಸುಮ್ಮನೆ ಸರಿಪಡಿಸಿ ಮತ್ತೆ ಕಡಲ ಕಡೆ ನೋಡಿದಳು.

ಮರುದಿನ ದಂಡೆಗೆ ಹೋದಳು. ಬೇರೆಯವರು ಒಬ್ಬರ ಕೈ ಒಬ್ಬರು ಹಿಡಿದು ಅಲೆಗೆ ಇಳಿಯುತ್ತಿದ್ದರು. ಅವಳೂ ನೆರಿಗೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದಳು, ಹಿಂತಿರುಗಿ ನನ್ನನ್ನು ನೋಡಿದಳು. ನನ್ನೊಳಗೆ ಅವಳ ಟಿಕೀಟು, ದುಡ್ಡು, ಬಟ್ಟೆ ಎಲ್ಲ ಇದ್ದವು. ನನ್ನನ್ನು ಕಾಯುವವರು ಯಾರೂ ಇರಲಿಲ್ಲ. ಹಿಂದೆ ಬಂದು ನನ್ನ ಪಕ್ಕ ಒಣ ಮರಳಿನಲ್ಲಿ ಕೂತಳು. ಅಷ್ಟು ದೂರ ಬಂದು ಅವಳ ಪಾದ ಒದ್ದೆಯಾಗಲಿಲ್ಲ. ನನ್ನಿಂದಾಗಿ ಅಲ್ಲವೇ ಎಂದು ಇವತ್ತಿಗೂ ಅನ್ನಿಸುತ್ತದೆ.

ಊರಿಗೆ ಮರಳಿದ ದಿನ ಮಧ್ಯಾಹ್ನ ನೀಲಾ ಓಡುತ್ತಲೇ ಕೋಣೆಗೆ ಬಂದಳು. ನಾನು ಆಗಲೇ ಮೊಳೆಗೆ ಏರಿದ್ದೆ.

“ನನ್ನ ಸಲುವಾಗಿ ನಿನ್ನ ರಜಾನೂ ಹಾಳಾತು. ಎಲ್ಲಿದ್ದಿ ಇಷ್ಟ ದಿನ?”

ಇಂದುಮತಿ ಡಬ್ಬಿಯ ಮುಚ್ಚಳ ತಿರುವುತ್ತ ಹೇಳಿದಳು. “ಹೊಂಬಳಕ್ಕ ಹೋಗಿದ್ದೆ. ಅಕ್ಕನ ಮನಿಗೆ.”

“ಛಲೋ ಆತು. ನೀ ಒಬ್ಬಾಕಿನ ಹೋಗಿಬಿಟ್ಟಿಯೇನೋ ಅಂತ ನನಗ ಜೀವ ಝಲ್ ಅಂದಿತ್ತು” ಅಂದು ನೀಲಾ ಹೊಸ ರಟ್ಟು ತೆಗೆದಳು. “ಬರೋ ವರ್ಷ ನೋಡು, ಬಿಡೂದಿಲ್ಲ.”

ಹೀಗೆ ಇಂದುಮತಿ ತಾನು ನಡೆದ ರಸ್ತೆಗಳನ್ನು ಮತ್ತೆ ಗೊತ್ತಿಲ್ಲದವಳಂತೆ ಹುಡುಕತೊಡಗಿದಳು. ಸಮುದ್ರ ಕಂಡು ಬಂದವಳು ಯಾರಿಗಾದರೂ ಹೇಳಲೇಬೇಕು. ಅವಳಿಗೆ ಹೇಳಲು ಇದ್ದವಳು ಒಬ್ಬಳೇ, ಅವಳಿಗೇ ಹೇಳುವಂತಿರಲಿಲ್ಲ. ಆ ದಿನಗಳಲ್ಲಿ ಅವಳು ಸೊರಗಿದಳು. ಅಂಗಡಿಯಲ್ಲಿ ಕಡಲ ಬಣ್ಣದ ಸೀರೆ ಮಡಚುವಾಗ ಕೈ ತಡೆಯುತ್ತಿತ್ತೆಂದು ನೀಲಾಳೇ ಒಮ್ಮೆ ಕೀಟಲೆ ಮಾಡಿದ್ದು ಕೇಳಿದ್ದೆ.

ಒಂದು ದಿನ ನೀಲಾ, “ಗುಡ್ಡಕ್ಕ ಸಂಜೀಕ ಹೋಗೂಣು” ಅಂದಾಗ ಇಂದುಮತಿ ಮೈಮರೆತು, “ಪಿನ್ನು ತಗೊಂಡಿರು, ಆ ಗಾಳಿಗೆ ಸೆರಗು ನಿಲ್ಲೂದಿಲ್ಲ” ಅಂದುಬಿಟ್ಟಳು.

ನೀಲಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಇಂದುಮತಿ ತಲೆ ತಗ್ಗಿಸಿದಳು. ಇಪ್ಪತ್ತು ವರ್ಷದ ಸ್ನೇಹ ಈ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಂಡೆ ನಾನು.

ನೀಲಾ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು. ಅವಳ ದನಿ ಸಣ್ಣದಾಗಿತ್ತು. “ಗುಡ್ಡದ ಮ್ಯಾಲಿಂದ ಏನೇನ ಕಾಣಸ್ತದ? ರಟ್ಟಿನ್ಯಾಗ ನೋಡಿ ಹೇಳು.”

ರಟ್ಟಿನಲ್ಲಿ ಏನೂ ಇರಲಿಲ್ಲ. ಇಂದುಮತಿ ಅದನ್ನೇ ನೋಡುತ್ತ ಹೇಳಿದಳು. ಹಡಗು, ದೋಣಿ, ಡಾರ್ಮಿಟರಿಯ ಹೆಂಗಸು, ಮೊಸರಿನ ಹುಳಿ. ಎಲ್ಲವನ್ನೂ “ಇರ್ತದ”, “ಬರ್ತದ” ಎಂದು ಮುಂದೆ ಆಗುವುದರಂತೆ ಹೇಳಿದಳು. ದಿನಕ್ಕಿಷ್ಟು ಎಂದು ಹತ್ತು ದಿನ ಹೇಳಿದಳು. ಕೊನೆಯ ದಿನ ನೀಲಾ ಕೇಳಿದಳು.

“ನೀರಾಗ ಇಳೀತೀವೇನು?”

“ಒಬ್ಬಾಕಿನ ಇದ್ರ ಹೆಂಗ ಇಳೀಬೇಕು? ಚೀಲ ಯಾರ ನೋಡ್ತಾರ?”

ನೀಲಾ ರಟ್ಟನ್ನು ಬೋರಲು ಹಾಕಿದಳು. ಅವತ್ತಿನಿಂದ ರಟ್ಟು ಬರೆಯುವುದು ನಿಂತಿತು.

ಎರಡು ವರ್ಷದ ಮೇಲೆ ನೀಲಾಳ ಗಂಡನಿಗೆ ರಾಯಚೂರಿಗೆ ವರ್ಗವಾಯಿತು. ಹೊರಡುವ ದಿನ ಇಂದುಮತಿ ನನ್ನನ್ನು ಅವಳ ಕೈಗೆ ಕೊಟ್ಟಳು. “ನನಗ ಇನ್ನ ಎಲ್ಲಿಗಿ ಹೋಗೂದೈತಿ? ನೀ ಇಟ್ಕೊ.” ಮೊದಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ಅದೂ ಇಲ್ಲ.

ಈಗ ನಾನು ರಾಯಚೂರಿನ ಒಂದು ಮನೆಯ ಅಟ್ಟದ ಮೇಲಿದ್ದೇನೆ. ಒಳಗೆ ಹಳೆಯ ಕೌದಿಗಳಿವೆ. ಜಿಪ್ಪು ಹೋಗಿದೆ, ತಳ ಸವೆದಿದೆ, ಪಟ್ಟಿಗಳು ಮಾತ್ರ ಗಟ್ಟಿ. ವರ್ಷಗಟ್ಟಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಮೊನ್ನೆ ನೀಲಾಳ ಸೊಸೆ ಅಟ್ಟ ಝಾಡಿಸುವಾಗ ನನ್ನನ್ನು ಕೆಳಗಿಳಿಸಿ ಕೇಳಿದಳು. “ಅತ್ತಿ, ಇದನ್ನ ಹೊರಗ ಒಗೀಲೇನ್ರಿ?”

ನೀಲಾಗೆ ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ. ಗಂಡ ತೀರಿಕೊಂಡಿದ್ದಾನೆ. ಮಂಚದ ಮೇಲಿಂದ ಕೈ ಚಾಚಿ ನನ್ನ ಪಟ್ಟಿ ಹಿಡಿದಳು.

“ಒಗೀಬ್ಯಾಡ. ವಿಶಾಖಪಟ್ಟಣಕ್ಕ ಹೋದಾಗ ಇದ ಇತ್ತು.”

“ನೀವು ಸಮುದ್ರ ನೋಡೀರೇನ್ರಿ? ಯಾವಾಗೂ ಹೇಳೇ ಇಲ್ಲಲ್ರಿ. ಯಾರ್ಯಾರ ಹೋಗಿದ್ರಿ?”

“ನಾನು, ಇಂದುಮತಿ. ಇಬ್ಬರ” ಅಂದಳು ನೀಲಾ. ನನ್ನನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದಳು. “ಆಕಿ ನೀರಾಗ ಇಳದಳು, ಮೊಣಕಾಲ ಮಟ. ನಾ ದಂಡಿ ಮ್ಯಾಲ ಚೀಲ ಹಿಡಕೊಂಡು ಕುಂತಿದ್ದೆ.”

ಅದು ನಡೆಯಲಿಲ್ಲವೆಂದು ಬಲ್ಲವರು ಲೋಕದಲ್ಲಿ ಮೂವರು. ಅವರಲ್ಲಿ ಒಬ್ಬಳು ಎಲ್ಲಿದ್ದಾಳೋ, ಹೇಗಿದ್ದಾಳೋ ಗೊತ್ತಿಲ್ಲ. ಇನ್ನೊಬ್ಬಳು ನನ್ನನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಉಳಿದವನು ನಾನು. ನನ್ನನ್ನು ಯಾರಾದರೂ ಕೇಳಿದರೆ, ಹೌದು, ನೀರು ತಣ್ಣಗಿತ್ತು, ಇಂದುಮತಿ ನಗುತ್ತಿದ್ದಳು ಎಂದೇ ಹೇಳುತ್ತೇನೆ.